ಹೋಗೂ ಸೂಜಿ, ಬರೂ ಸೂಜಿ

ವರ್ಕ್‌ಶಾಪಿನ ಭೋಂಗಾ ಏಳೂವರಿಗೆ ಕೂಗತೈತಿ.
ಅದಕ್ಕೂ ಮೊದಲಿನ ಎರಡು ತಾಸು ನಂದು.
ಅಷ್ಟರಾಗ ನಾ ಒಬ್ಬಾಂವ
ನಾಲ್ಕು ಮಂದಿ ಆಗಬೇಕು.

ಮೊದಲನೆಯಾಂವ ಕ್ಲಾರಿನೆಟ್ ಊದಾಂವ.
ಮದುವಿ ಬ್ಯಾಂಡಿನ ದಾದಾಪೀರ ಮುಂದಿನ ಹಲ್ಲು ಬಿದ್ದ ಮ್ಯಾಲೆ
ಎರಡು ಸಾವಿರಕ್ಕ ಕೊಟ್ಟಿದ್ದು.
ಮನಿಯಾಗ ಊದಿದರ ಮ್ಯಾಲಿನವರು ನೆಲಾ ಬಡೀತಾರ,
ಅದಕ್ಕ ಗದಗ ರೋಡಿನ ಸೇತುವಿ ಕೆಳಗ ನಿಂತು
ಗೂಡ್ಸ್ ಗಾಡಿ ದಾಟೂ ತನಕ ಒಂದಽ ಸ್ವರ.
ಗಾಡಿಗೆ ಐವತ್ತೆಂಟು ಡಬ್ಬಿ.
ನನ್ನ ಉಸಿರು ಹನ್ನೊಂದನೇದಕ್ಕ ಮುಗೀತೈತಿ.
ಹೋದ ವರ್ಷ ಏಳಕ್ಕ ಮುಗೀತಿತ್ತು.

ಎರಡನೆಯಾಂವ ಮೋಡಿ ಲಿಪಿ ಓದಾಂವ.
ಮುತ್ತಜ್ಜನ ಹತ್ತಿ ಅಂಗಡಿಯ ಲೆಕ್ಕದ ವಹಿ:
ಮೊದಲ ಗೀಟು ಎಳೆದು, ಗೀಟಿಗೆ ಅಕ್ಷರ ಜೋತುಬಿಟ್ಟು,
ಸಾಲು ಮುಗಿಯೂ ತನಕ ಕೈ ಎತ್ತಿಲ್ಲ ಪುಣ್ಯಾತ್ಮ.
ಸರ್ವೇ ಕಚೇರಿಯಿಂದ ರಿಟೈರಾದ ಕಟಗೇರಿ ರಾಯರು
ದಿನಕ್ಕ ಒಂದು ಸಾಲು ಅಂದಾರ. ಒಂದಽ.
ಮೂರು ತಿಂಗಳು ತಿಣುಕಿ ಮೊದಲ ಪುಟ ಬಿಡಿಸಿದೆ:
ಎಣ್ಣಿ, ಎರಡಾಣೆ. ಹಗ್ಗ. ಮತ್ತ ಎಣ್ಣಿ.
ಹೂತಿಟ್ಟ ಬಂಗಾರದ ಸುದ್ದಿ ಇರತೈತಿ ಅಂತ
ಹೆಂಡತಿ ಅಲ್ಲಿತನಕ ಚಾ ಮಾಡಿಕೊಟ್ಟಿದ್ಲು.

ಮೂರನೆಯಾಂವಗ ತ್ರಿಕೋನಮಿತಿ.
ಮೆಟ್ರಿಕ್ಕಿನಾಗ ಅದಕ್ಕ ಹೆದರಿ ಐಟಿಐಗೆ ಓಡಿದ್ದೆ.
ಮೂವತ್ತೊಂದು ವರ್ಷ ಬೋಗಿ ಗಾಲಿ ತಿರುವಿ ತಿರುವಿ
ಈಗ ತಿಳೀತು, ಸೈನ್ ಅಂದ್ರ
ಗಾಲಿ ಅಂಚಿನ ಒಂದು ಚುಕ್ಕಿ ಏರಿ ಇಳಿಯೂ ಕತಿ.
ಯಾರರೆ ಆಗಽ ಹೇಳಬಾರದಿತ್ತೇನು?

ನಾಲ್ಕನೆಯಾಂವ ಒಬ್ಬಿದ್ದ, ಜಪಾನಿ ಕಲಿಯಾಂವ.
ಮೂರನೇ ಪಾಠಕ್ಕ ಬಿಟ್ಟು ಓಡಿದ. ಅವನ ಸುದ್ದಿ ಬ್ಯಾಡ.

ಅಡಗಿಮನಿ ಕ್ಯಾಲೆಂಡರಿನಾಗ, ಹಾಲಿನ ಲೆಕ್ಕದ ಬಾಜೂಕ
ಕೆಂಪು, ನೀಲಿ, ಹಸರು ಚುಕ್ಕಿ ಇಡತೀನಿ.
ಮೂರೂ ಬಿದ್ದ ದಿನ ನಾ ರಾಜಾ.
ಆದರ ಎಂಟು ದಿನಕ್ಕೊಮ್ಮೆ ನಳಾ ಬರತೈತಿ,
ರಾತ್ರಿ ಎರಡಕ್ಕರೆ ಬರಲಿ, ನಾಲ್ಕಕ್ಕರೆ ಬರಲಿ.
ಅವತ್ತು ವಿದ್ಯಾ ಇಲ್ಲ, ಗಿದ್ಯಾ ಇಲ್ಲ.
ಟಾಕಿ, ಕೊಡ, ಬಕೀಟು, ಕುಕ್ಕರ್ ಸೈತ ತುಂಬಬೇಕು.
ಮರುದಿನ ರಟ್ಟಿ ನೋವು. ಅದರ ಮರುದಿನ ಬರೇ ಬ್ಯಾಸರ.
ಹಾಲು ಒಂದು ಲೀಟರ್, ಚುಕ್ಕಿ ಇಲ್ಲ.
ಹಾಲು ಅರ್ಧಾ ಲೀಟರ್, ಚುಕ್ಕಿ ಇಲ್ಲ.

ಹುಸೇನಸಾಬ ಚಾದ ಹೊತ್ತಿನಾಗ ಅಂದ,
"ಒಂದಽ ಬಾವಿ ತೋಡೋ ದೋಸ್ತ.
ನಾಕು ಕಡೆ ಕೆರದರ ಕೋಳಿ ಅಂತಾರ."
ಖರೆ ಅನಸ್ತು. ಎರಡು ದಿನ ಎಲ್ಲಾ ಬಿಟ್ಟು ಮಲಗಿದೆ.
ಮೂರನೇ ಮುಂಜಾನೆ ಗಾಡಿ ಸಪ್ಪಳಕ್ಕ
ಹಾಸಿಗ್ಯಾಗಽ ಉಸಿರು ತಾನಾಗಿ ಡಬ್ಬಿ ಎಣಿಸಾಕತ್ತಿತು.

ಆ ಐತವಾರ ಕಟ್ಟಿ ಮ್ಯಾಲೆ ಸಾವಂತ್ರೆವ್ವ
ಕಪ್ಪು ಸೀರಿ ಹರವಿಕೊಂಡು ಕಸೂತಿ ತಗೀತಿದ್ಲು.
ಒಂದು ಮನಿ ಹೊಲದು ಒಂದು ಮನಿ ಬಿಟ್ಟು,
ಹೊಲದು, ಬಿಟ್ಟು.
"ಯವ್ವಾ, ಅರ್ಧಕ್ಕರ್ಧಾ ಖಾಲಿ ಬಿಟ್ಟೀಯಲ್ಲ?"
ಆಕಿ ಮುಖಾ ಎತ್ತಲಿಲ್ಲ.
"ಇದು ಹೋಗೂ ಸೂಜಿ. ಬರೂ ಸೂಜಿ ಇನ್ನೂ ಐತಿ."

ಗೊತ್ತೈತಿ, ಸೀರಿ ಬ್ಯಾರೆ, ಕ್ಯಾಲೆಂಡರ್ ಬ್ಯಾರೆ.
ಹೋದ ಮಂಗಳವಾರಕ್ಕ ಯಾವ ಸೂಜಿಯೂ ತಿರುಗಿ ಹೋಗಂಗಿಲ್ಲ.
ಆದರ ನಿನ್ನೆ ಮೋಡಿ ಬರಿಯೂವಾಗ
ಸಾಲಿನ ಕೊನೀ ತನಕ ಕೈ ಎತ್ತಲಿಲ್ಲ ನಾ.
ಸೇತುವಿ ಕೆಳಗ ಹಿಡಿದ ಉಸಿರು
ಯಾವಾಗೋ ಬಟ್ಟಿಗೆ ಇಳಿದಿತ್ತು.
ಬೆರಳು ಅಂಬೋ ಬಟ್ಟು ಅದು,
ಅದಕ್ಕ ಯಾರ ಕಲಿಸಿದ್ದರೋ.

ಈಗ ರಾತ್ರಿ ಎರಡೂವರಿ. ನಳಾ ಬಂದೈತಿ.
ಓಣಿ ತುಂಬ ಪೈಪಿನ ಸಪ್ಪಳ, ಬೈಗಳ, ಟಾರ್ಚು.
ನಿದ್ದಿಗಣ್ಣಾಗ ಕೊಡ ಎತ್ತಿ ಎತ್ತಿ ಇಡತೀನಿ,
ಇಚಿ,
ನಿ,
ಸಾನ್...
"ಏನಂದ್ರಿ?" ಅಂತಾಳ ಹೆಂಡತಿ.

ಏನಿಲ್ಲ.
ಮೂರು ಕೊಡ ತುಂಬ್ಯಾವ ಅಂದೆ.