ಹಂಚಿನ ಕೆಂಪು

ಬೊಂಬಾಯಿಯಿಂದ ಹಡಗಿನಲ್ಲಿ ಬಂದದ್ದು
ಆರು ತಗಡಿನ ಡಬ್ಬಿ, ಒಂದು ಹಾಳೆ ಕತೆ,
ಅಂಚೆಚೀಟಿಯಷ್ಟು ಅಗಲದ ಒಂದು ಮುಖ.
ಮುಖವೆಂದರೆ ಪೂರ್ತಿ ಮುಖವೂ ಅಲ್ಲ,
ಉಪ್ಪುಗಾಳಿಗೆ ಮೂಗು ಮಾಸಿ
ಎರಡು ಕಣ್ಣು, ಒಂದು ಬೈತಲೆ ಉಳಿದಿತ್ತು.

ಇದನ್ನು ಹತ್ತು ಮೊಳ ಮಾಡಬೇಕು, ಶನಿವಾರದೊಳಗೆ,
ಅಂದ ಡೇರೆಯ ಮ್ಯಾನೇಜರು.
ಆಯಿತು, ಅಂದ ಲಾದ್ರು.
ದೋಣಿಗೆ ನಂಬರು, ಅಂಗಡಿಗೆ ಹೆಸರು,
ಇಗರ್ಜಿಯ ಸಂತರಿಗೆ ವರ್ಷಕ್ಕೊಮ್ಮೆ ತುಟಿ
ಬರೆಯುತ್ತಿದ್ದ ಕೈ ಅದು.
ಆಗುವುದಿಲ್ಲ ಎನ್ನಲು ಅದಕ್ಕೆ ಬರುತ್ತಿರಲಿಲ್ಲ.

ಗೋಡೆಯ ಕಾಗದಗಳಿಗೆ ಅಂಟು ಕಲಸುತ್ತಿದ್ದವರು
ನನ್ನಜ್ಜ ಐತಪ್ಪ. ಆಗ ಒಂಬತ್ತು ವರ್ಷ.
ಮರಗೆಣಸಿನ ಹಿಟ್ಟು, ಚಿಟಿಕೆ ಮೈಲುತುತ್ತು.
ಮೈಲುತುತ್ತು ಮರೆತರೆ ಬಂದರಿನ ದನಗಳು
ನಾಯಕನನ್ನು ಮೊಣಕಾಲಿನ ತನಕ
ತಿಂದುಬಿಡುತ್ತವೆ ಮಾರಾಯ, ಎಂದು
ತೊಂಬತ್ತಾದ ಮೇಲೂ ನಗುತ್ತಿದ್ದರು.

ಹತ್ತು ಮೊಳಕ್ಕೆ ಬಟ್ಟೆ ಬೇಕಲ್ಲ.
ಹಾಯಿ ಹೊಲಿಯುವ ಪೊಡಿಮೋನು ಕೊಟ್ಟ, ಎರವಲು:
ಹದಿನೈದು ದಿನ. ಆಮೇಲೆ ನನ್ನ ಮಂಜಿಗೆ ಬೇಕು.

ನೀಲಿಯಿತ್ತು. ಹಳದಿಯಿತ್ತು. ಕಾಡಿಗೆಗೆ ದುಡ್ಡಿಲ್ಲ.
ಕೆಂಪು ಇರಲಿಲ್ಲ.
ಹಂಚಿನ ಕಾರ್ಖಾನೆಯ ಸೀಂತು
ಸಂಜೆಯ ಕೂಗಾದ ಮೇಲೆ
ಸೆರಗಿನ ಗಂಟಿನಲ್ಲಿ ಒಡೆದ ಹಂಚಿನ ಪುಡಿ ತಂದಳು.
ಕಾವಲಿನವ ಕೇಳಿದರೆ ಪಾತ್ರೆ ತಿಕ್ಕಲಿಕ್ಕೆ.
ಅಗಸೆಯೆಣ್ಣೆಯಲ್ಲಿ ಅದನ್ನು ಅರೆಯುವಾಗ
ಕೊಟ್ಟಿಗೆಯೆಲ್ಲ ಭಟ್ಟಿಯ ಬಾಯಿಯಂತೆ ಬೆಚ್ಚಗೆ.
ಕೂಲಿ ಎಷ್ಟೆಂದು ಲಾದ್ರು ಕೇಳಲಿಲ್ಲ, ಅವಳೂ ಹೇಳಲಿಲ್ಲ;
ಏಣಿಯ ಬುಡದಲ್ಲಿ ಕೂತು ನೋಡುವಳು, ಅಷ್ಟೆ.

ನೋಡುವವಳ ಮೂಗು ಹೋಗಿ
ನಾಯಕಿಯ ಮೂಗಾಯಿತು.
ಮೂಗಿನ ಹಿಂದೆಯೇ ಗಲ್ಲ. ಗಲ್ಲದ ಕೆಳಗೆ
ಬಿಸಿ ಹಂಚು ತಾಗಿದ ಕಾಸಗಲದ ಕಲೆ.
ಅದನ್ನು ಯಾಕೆ ಬರೆದದ್ದು? ಎಂದು ಕೇಳಿದರಂತೆ ಅಜ್ಜ.
ಉಂಟಲ್ಲ, ಅಂದನಂತೆ ಲಾದ್ರು.

ಶನಿವಾರ ಎತ್ತಿನ ಗಾಡಿ, ಮುಂದೆ ಡೋಲು.
ಹಂಪನಕಟ್ಟೆ, ಬಂದರು, ಬೋಳಾರ, ಮತ್ತೆ ಹಂಪನಕಟ್ಟೆ.
ಸುಟ್ಟ ಮಣ್ಣಿನ ಸೀರೆಯುಟ್ಟ ಹತ್ತು ಮೊಳದ ಹೆಂಗಸು
ಬಾಯಿ ತೆರೆದು ಏನೋ ಹೇಳುತ್ತಿದ್ದಾಳೆ.
ಡೋಲಿನ ಸದ್ದಿಗೆ ಯಾರಿಗೂ ಕೇಳಲಿಲ್ಲ.

ರಾತ್ರಿ ಎರಡಾಣೆಯ ಡೇರೆ ತುಂಬಿತು.
ದೀಪ ಆರಿತು. ಬೆಳಕಿನ ಕೋಲು ಬಿತ್ತು.
ಪರದೆಗೆ ಬಂದವಳು
ಬೂದಿ ಸೀರೆ, ಬೂದಿ ತುಟಿ, ತಲೆಯಲ್ಲಿ ಬೂದಿ ಹೂವು.
ಹಿಂದಿನಿಂದ ಒಬ್ಬ ಎದ್ದ: ಕೆಂಪು ಎಲ್ಲಿ?
ಇನ್ನೊಬ್ಬ: ಗಾಡಿಯಲ್ಲಿದ್ದವಳು ಇವಳಲ್ಲ!
ಬೆಂಚು ಬಡಿದರು. ಕತೆ ಹೇಳುವವ ಗಂಟಲು ಹರಿದುಕೊಂಡ.
ನಾಲ್ಕು ರೂಪಾಯಿ ವಾಪಸು ಹೋಯಿತು,
ಲಾದ್ರುವಿನ ಕೂಲಿಯಿಂದ.
ಹೆಂಗಸರ ಬದಿಯಲ್ಲಿ ಸೀಂತು
ಬಾಯಿಗೆ ಸೆರಗು ಒತ್ತಿ ಕೂತಿದ್ದಳು.
ನಕ್ಕಳೋ ಅತ್ತಳೋ,
ಅಜ್ಜ ಪ್ರತಿ ಸಲ ಬೇರೆ ಹೇಳುತ್ತಿದ್ದರು.

ಹದಿನಾರನೆಯ ದಿನ ಪೊಡಿಮೋನು ಬಂದ.
ತೊಳೆದು ಕೊಡುತ್ತೇನೆ, ಅಂದ ಲಾದ್ರು.
ಬೇಡ, ಎಣ್ಣೆ ಕುಡಿದ ಬಟ್ಟೆ ಗಟ್ಟಿ.
ಅಳಿವೆಯಲ್ಲಿ ಮಂಜಿ ಹಾಯಿ ಎತ್ತಿದಾಗ
ಒಂದು ಕಣ್ಣು ತುದಿಯಲ್ಲಿ, ಒಂದು ಕೆಳಗೆ ಹಗ್ಗದ ಹತ್ತಿರ,
ನಡುವೆ ಬಾಯಿ, ಅಡ್ಡಕ್ಕೆ ಹೊಲಿದದ್ದು.
ಗಾಳಿ ತುಂಬಿದ್ದೇ ಅದು ಉಬ್ಬಿತು,
ಮಾತು ಬಂದವರ ಹಾಗೆ.
ಮಂಜಿಯ ಹೊಟ್ಟೆಯಲ್ಲಿ ಹಂಚಿನ ಸರಕು.

ಒಂದು ಚೂರಾದರೂ ಸಿಗುತ್ತದೆಂದು ನಾನು ಹುಡುಕಿದ್ದೇನೆ.
ಇಲ್ಲ.
ಕಡೆಗಾಲದಲ್ಲಿ ಅಜ್ಜ ಟಿವಿಯ ಎದುರು ಕೂತು
ಈ ಕೆಂಪು ಕೆಂಪಲ್ಲ, ಎಂದು ಗೊಣಗುತ್ತಿದ್ದರು.
ಮತ್ತೆ ಯಾವುದು, ಎಂದರೆ
ಗೋಡೆ ಹಿಡಿದು ಎದ್ದು ಬಾವಿಕಟ್ಟೆಗೆ ಹೋಗಿ
ಒಡೆದ ಹಂಚೊಂದನ್ನು ಒದ್ದೆ ಕಲ್ಲಿಗೆ ಉಜ್ಜಿ
ಬೆರಳು ತೋರಿಸುತ್ತಿದ್ದರು.