ಹದಿನಾರು ಹಾಸು, ಹತ್ತೊಂಬತ್ತು ಹೊಕ್ಕು

ಟಲ್ಸಾದ ಕಾಲೇಜು ಟೆನಿಸ್ ಅಂಗಳದ ಮೆಟ್ಟಿಲಸಾಲಿನ ಕೆಳಗೆ,
ಐಸು ಉದುರಿಸುವ ಯಂತ್ರದ ಪಕ್ಕ, ನನ್ನ ಕೋಣೆ.
ಕಿಟಕಿಯಿಲ್ಲ. ಆಟ ನನಗೆ ಕಾಣುವುದಿಲ್ಲ,
ಮೇಲೆ ಕೂತವರು ಕಾಲು ಬಡಿದರೆ
ಯಾರೋ ಗೆದ್ದರೆಂದು ತಿಳಿದುಕೊಳ್ಳುತ್ತೇನೆ.
ಇಪ್ಪತ್ತಾರು ವರ್ಷದಿಂದ ನೇಯುವವನು ನಾನು:
ರಾಕೆಟ್ಟಿಗೆ ಹದಿನಾರು ಹಾಸು, ಹತ್ತೊಂಬತ್ತು ಹೊಕ್ಕು,
ಕೊನೆಗೊಂದು ಗಂಟು.
ಗೆದ್ದವರು ನನ್ನನ್ನು ನೆನೆಯುವುದಿಲ್ಲ,
ತಂತಿ ಹರಿದವರು ನೆನೆಯುತ್ತಾರೆ.

ಲೀವಾ ಲಾಟ್ವಿಯಾದವಳು. ಬಂದ ವರ್ಷವೇ
ಐವತ್ತಾರು ಪೌಂಡು ಬಿಗಿ ಬೇಕೆಂದಳು.
ಹಲಗೆಯಾಗುತ್ತದೆ ಮಗಳೇ, ಎಂದೆ.
ಹಲಗೆಯೇ ಬೇಕು, ಎಂದಳು.

ಮೂರನೆಯ ಮಾರ್ಚಿ, ವಿಚಿಟಾದಲ್ಲಿ,
ತಡವಾಗಿ ಎದ್ದ ಒಂದು ಚೆಂಡಿಗೆ ಮಣಿಕಟ್ಟು ತಿರುವಿದಾಗ
ಒಣಕಡ್ಡಿ ಮುರಿದ ಸದ್ದು.
ಕಿರುಬೆರಳ ಕಡೆಯ ಸಣ್ಣದೊಂದು ನಾರು;
ಎಷ್ಟು ಸಣ್ಣದೆಂದರೆ, ವೈದ್ಯರು
ತಮ್ಮ ಉಗುರು ತೋರಿಸಿದರಂತೆ.

ತಂಡ ಬಸ್ಸು ಹತ್ತಿತು. ಇವಳು ನನ್ನ ಕೋಣೆಗೆ ಇಳಿದಳು,
ಬಲಗೈ ಪ್ಲಾಸ್ಟರಿನಲ್ಲಿ, ಎಡಗೈ ಸಿಟ್ಟಿನಲ್ಲಿ.
ಪ್ಲಾಸ್ಟರು ಬಿಚ್ಚಿದ ಮೇಲೆ
ಒಂದು ಬಕೆಟ್ಟು ಅಕ್ಕಿ ಕೊಟ್ಟರು. ಬೇಯಿಸಲಿಕ್ಕಲ್ಲ.
ಮಣಿಕಟ್ಟಿನ ತನಕ ಹುಗಿದು, ಬೆರಳು ಬಿಡಿಸಿ, ತಿರುವಿ,
ಮುಷ್ಟಿ ಕಟ್ಟಿ, ಮತ್ತೆ ಬಿಡಿಸಿ,
ದಿನಕ್ಕೆ ಮೂರು ಸಲ.
ಚೆಲ್ಲಿದ ಕಾಳು ನನ್ನ ಬೂಟಿನಡಿ ನುಚ್ಚಾಗುತ್ತಿತ್ತು.
ಗುಡಿಸಿದೆ, ಬೈಯಲಿಲ್ಲ.

ಅದೇ ವಸಂತದಲ್ಲಿ ಮಂಡಿ ಕೊಯ್ಸಿಕೊಂಡಿದ್ದಳು ಕೊರಾಲಿ,
ಇವಳ ಜೋಡಿಯಾಟದ ಜತೆಗಾತಿ.
ಮಂಡಿಯೂ ವಾಸಿಯಾಯಿತು, ಆಸೆಯೂ ವಾಸಿಯಾಯಿತು.
ಈಗ ದಂತವೈದ್ಯರೊಬ್ಬರ ಬಳಿ ಲೆಕ್ಕ ಬರೆಯುತ್ತಾಳೆ,
ಕಂಡಾಗ ಹಲ್ಲು ಬಿಟ್ಟು ನಗುತ್ತಾಳೆ.

ಒಂದು ಮಧ್ಯಾಹ್ನ ಲೀವಾ ಕೇಳಿದಳು:
ಹೊಕ್ಕು ನಾನು ಹಾಕಲೆ?
ಮೇಲೆ, ಕೆಳಗೆ, ಮೇಲೆ, ಕೆಳಗೆ,
ಬೆರಳು ನಡುಗಿ ಒಂದು ಮನೆ ತಪ್ಪಿತು. ಬಿಚ್ಚಿದಳು.
ಮತ್ತೆ ತಪ್ಪಿತು. ತನ್ನ ಭಾಷೆಯಲ್ಲಿ ಏನೋ ಬೈದಳು;
ಅರ್ಥವಾಗಲಿಲ್ಲ, ಕೇಳಿ ಹಿತವಾಯಿತು.
ಮೊದಲ ರಾಕೆಟ್ಟಿಗೆ ಎರಡು ಗಂಟೆ ನಲವತ್ತು ನಿಮಿಷ.
ಜೂನಿನ ಹೊತ್ತಿಗೆ ಮೂವತ್ತೈದು.

ಆಗಸ್ಟಿನಲ್ಲಿ ಕೋಚು ಸ್ಪಂಜಿನ ಚೆಂಡು ಎಸೆದ.
ಬಿಗಿ ಎಷ್ಟಿಡಲಿ, ಎಂದೆ.
ಸಾಲ ಕೇಳುವವಳ ಹಾಗೆ ತಲೆ ತಗ್ಗಿಸಿ
ನಲವತ್ತಾರು, ಎಂದಳು.

ಕೊನೆಯ ವರ್ಷ ತಂಡದ ಆರನೆಯವಳು.
ಆರನೆಯವರು ವೃತ್ತಿಗೆ ಇಳಿಯುವುದಿಲ್ಲ ಎಂದರು
ಲೆಕ್ಕ ಬಲ್ಲವರು.
ಇಳಿದಳು.

ಈಗ ಟ್ಯುನೀಷಿಯಾದ ಮೊನಾಸ್ಟಿರ್. ಕಡಲಗಾಳಿ. ಅರ್ಹತಾ ಸುತ್ತು.
ಹೆಸರು ಕೂಗುವ ಏಳು ಗೆಳತಿಯರಿಲ್ಲ ಅಲ್ಲಿ,
ಗೆರೆ ಕಾಯುವವರೂ ಇಲ್ಲ;
ಹೊರಗೆ ಬಿತ್ತೆಂದು ಅವರವರೇ ಒಪ್ಪಬೇಕು.
ಆಟ ಬಿಟ್ಟು ಊರಿಗೆ ಹೊರಟವನೊಬ್ಬನಿಂದ
ಹಳೆಯ ಕೈಯಂತ್ರ ಕೊಂಡಿದ್ದಾಳೆ.
ಹಗಲು ಸೋತು, ರಾತ್ರಿ ಪರರ ರಾಕೆಟ್ಟು ನೇದು
ಕೋಣೆಯ ಬಾಡಿಗೆ ಕಟ್ಟುತ್ತಾಳೆ.

ನಿನ್ನೆ ಫೋನು ಮಾಡಿದ್ದಳು.
ಕೈಯಲ್ಲಿ ಯಾರದ್ದು?
ಬೆಳಿಗ್ಗೆ ನನ್ನ ಸೋಲಿಸಿದವಳದ್ದು.
ಸಡಿಲ ಬಿಟ್ಟೆಯೋ?
ಇಲ್ಲ. ಕೇಳಿದಷ್ಟೇ.

ಆಮೇಲೆ, ಇದು ನನ್ನದು, ಕೇಳು, ಎಂದು
ತನ್ನ ರಾಕೆಟ್ಟನ್ನು ಫೋನಿಗೆ ಹಿಡಿದು ಮೀಟಿದಳು.
ಐಸಿನ ಯಂತ್ರ ಆರಿಸಿ ಬಂದೆ.
ಇನ್ನೊಮ್ಮೆ, ಎಂದೆ.
ನಲವತ್ತಾರಲ್ಲ.
ನಲವತ್ತೇಳು.

ಸ್ವಲ್ಪ ಹೊತ್ತು ಆ ಕಡೆ ಬರೀ ಗಾಳಿ.
ಗಂಟು ಸರಿಯಿದೆಯಾ, ಎಂದಳು.
ದನಿಯಲ್ಲಿ ಗಂಟು ಕೇಳಿಸುವುದಿಲ್ಲ ಮಗಳೇ,
ಅದನ್ನು ನೀನೇ ಮುಟ್ಟಿ ನೋಡು.