ನಡಾವಳಿ

ಹದಿನಾಲ್ಕು ವರ್ಷ ಮರಗಳ ಸಮಿತಿಯ ನಡಾವಳಿ ಬರೆದವಳು ನಾನು.
ಗೊತ್ತು: ಒಂದೇ ಒಂದು ಮೇಪಲ್ ಮರದ ಬುಡಕ್ಕೆ
ಮೂರು ತಿಂಗಳು ಜೋತುಬಿದ್ದಿದ್ದರು ಏಳು ಜನ,
ಕಡಿಯಬೇಕೋ ಬೇಡವೋ ಎಂದು.
ಅಷ್ಟರಲ್ಲಿ ವಿಲಾಮೆಟ್ ಹೊಳೆಯ ಗಾಳಿಯೇ ತೀರ್ಪು ಕೊಟ್ಟಿತು,
ಅಂಚೆಯ ವ್ಯಾನಿನ ಮೇಲೆ.

ಇವತ್ತು ನಗರಸಭೆಯಲ್ಲಿ ಲೆಕ್ಕ ಓದಿದರು:
ಹನ್ನೊಂದು ಸಮಿತಿ, ಸಂಬಳವಿಲ್ಲದ ಎಪ್ಪತ್ತು ಜನ,
ಅವರ ಮಾತು ಬರೆದಿಡಲು ಸಂಬಳದ ನಾವು ಮೂವರು.
‘ಸಲಹೆ ಬಿಟ್ಟಿ, ಕೇಳಿಸಿಕೊಳ್ಳುವುದು ದುಬಾರಿ’
ಎಂದ ಹಣಕಾಸಿನ ಹುಡುಗ. ನಕ್ಕರು. ನಾನೂ ನಕ್ಕೆ.
ನಗು ನಡಾವಳಿಗೆ ಬರುವುದಿಲ್ಲ.

ಆಮೇಲೆ ಎದ್ದಳು ಓರ್ಲಾ ವಾಂಡರ್‌ಮೀರ್.
ಎಂಬತ್ತೊಂದು. ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಚೀಟಿಯಿಲ್ಲ.
ಸಿಕ್ಕಿದ್ದು ಎಲ್ಲರಂತೆ ಮೂರು ನಿಮಿಷ.
ಸಮಿತಿ ಉಳಿಸಿ ಅನ್ನಲಿಲ್ಲ ಅವಳು.
ಮಿಲ್ ಬೀದಿಯ ಮೂಲೆಯಿಂದ ಶುರುಮಾಡಿ
ಒಂದೊಂದೇ ಮರದ ಹೆಸರು ಹೇಳುತ್ತ ಬಂದಳು,
ಯಾವುದರ ಬೇರು ಯಾರ ಚರಂಡಿಗೆ ಕೈ ಹಾಕಿದೆ,
ಯಾವುದಕ್ಕೆ ಬಸ್ಸಿನ ತೆಸ್ಫಾಲೆಮ್
ಬೇಸಿಗೆಯೆಲ್ಲ ತನ್ನ ಊಟದ ಹೊತ್ತಲ್ಲಿ ನೀರು ಹೊತ್ತ...
ಹತ್ತೊಂಬತ್ತನೆಯ ಮರಕ್ಕೆ ಗಂಟೆ ಹೊಡೆಯಿತು.
ಬೀದಿ ಇನ್ನೂ ಅರ್ಧ ಉಳಿದಿತ್ತು.

ನಿಯಮದಂತೆ ಒಂದೇ ಸಾಲು ಬರೆದೆ:
‘ಓ. ವಾಂಡರ್‌ಮೀರ್ ಮಾತಾಡಿದರು.’
ಮತ ಮುಂದಿನ ಮಂಗಳವಾರಕ್ಕೆ.

ಹನ್ನೊಂದಕ್ಕೆ ಬೀಗ ಹಾಕಿ, ಕಾರು ಅಲ್ಲೇ ಬಿಟ್ಟು,
ಮಿಲ್ ಬೀದಿಯಲ್ಲಿ ಎಣಿಸುತ್ತ ನಡೆದೆ.
ಇಪ್ಪತ್ತನೆಯದರ ಕೆಳಗೆ ನಿಂತೆ.
ಎಲೆಯೆಲ್ಲ ಉದುರಿತ್ತು, ದೀಪ ದೂರವಿತ್ತು.
ತೊಗಟೆ ಸವರಿ ನೋಡಿದೆ,
ಹೆಸರು ತಿಳಿಯಲಿಲ್ಲ.